ಆಯುಧಪೂಜೆಯ ಮುನ್ನಾದಿನದ ಅಪ್‌ಗ್ರೇಡ್

ಸಣ್ಣ ಕಚೇರಿಗಳು ಸಣ್ಣದಾಗಿಯೇ ಉಳಿಯಲು ಕಾರಣ ಬಂಡವಾಳದ ಕೊರತೆಯಲ್ಲ, ಆಡಳಿತದ ಕೊರತೆ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾಪುವಿನಲ್ಲಿ, ನಮ್ಮ ಮನೆಯ ಕೆಳ ಅಂತಸ್ತಿನಲ್ಲಿ ಹೆಂಡತಿ ಹರಿಣಾಕ್ಷಿ ನಡೆಸುವ ಆಮಂತ್ರಣ ಪತ್ರಿಕೆ ವಿನ್ಯಾಸದ ಕಚೇರಿಗೆ ಆ ಕೊರತೆಯಿಲ್ಲ. ಅಲ್ಲಿ ನಾನೇ ಆಡಳಿತಾಧಿಕಾರಿ. (ನೇಮಿಸಿದವನೂ ನಾನೇ. ಹರಿಣಾಕ್ಷಿ ಆಕ್ಷೇಪಿಸಲಿಲ್ಲ; ಗಮನಿಸಲಿಲ್ಲ ಎಂದರೆ ಹೆಚ್ಚು ನಿಖರ.)

ಈ ವರ್ಷ ನಮ್ಮ ವಿನ್ಯಾಸದ ಸಾಫ್ಟ್‌ವೇರ್ ಹೊಸ ಅವತಾರ ತಾಳಿತು. ಅದನ್ನು ಪಡೆಯಲು ಎರಡು ಮಾರ್ಗಗಳಿದ್ದವು. ಫುಲ್ ವರ್ಷನ್ ದುಬಾರಿ, ಆದರೆ ಯಾವ ಕಂಪ್ಯೂಟರಿನಲ್ಲಾದರೂ ಕೂರುತ್ತದೆ. ಅಪ್‌ಗ್ರೇಡ್ ಅಗ್ಗ, ಆದರೆ ಹಳೆಯದನ್ನು ಹೊಂದಿದವರಿಗೆ ಮಾತ್ರ.

"ಫುಲ್ಲೇ ತೆಗೊಳ್ಳಿ. ಸುಮ್ಮನೆ ತಲೆಬಿಸಿ ಬೇಡ," ಎಂದಳು ಹರಿಣಾಕ್ಷಿ.

"ಮನೆಗೆ ಹೊಸ ಹೆಂಚಿನ ಮಾಡು ಹೊದಿಸುವವನು ಅಡಿಪಾಯವನ್ನೂ ಮತ್ತೆ ಕೊಳ್ಳುತ್ತಾನೆಯೆ?" ಎಂದು ಕೇಳಿದೆ. ನಾನು ಅಪ್‌ಗ್ರೇಡ್ ತರಿಸಿದೆ. ಆ ವಾಕ್ಯವನ್ನು ಅದೇ ದಿನ ಡೈರಿಗೂ ಇಳಿಸಿದೆ.

ಪೆಟ್ಟಿಗೆ ತಲುಪಿದ್ದು ಆಯುಧಪೂಜೆಯ ಮುನ್ನಾದಿನ ಬೆಳಿಗ್ಗೆ. ಮಲ್ಪೆಯ ಬೋಟಿನ ಯಜಮಾನ ಬೂಬಣ್ಣನ ಮಗಳ ಮದುವೆಯ ಕಾಗದ ಅಂದು ಸಂಜೆಯೊಳಗೆ ಸಿದ್ಧವಾಗಬೇಕಿತ್ತು. ಮರುದಿನ ಕಂಪ್ಯೂಟರುಗಳು ಗಂಧ ಹೂ ಮುಡಿದು ಪೂಜೆಗೆ ಕೂರುತ್ತವೆ, ಯಾರೂ ಮುಟ್ಟುವಂತಿಲ್ಲ. ತಡವಾದರೆ ಬೂಬಣ್ಣ ಉಡುಪಿಯ ಬೇರೆ ಕಚೇರಿಗೆ ಹೋಗುವುದು ಖಂಡಿತ. ಅವರ ಹಿಂದೆ ಬಂದರಿನ ಅರ್ಧ ಮದುವೆಗಳೂ ಹೋಗುತ್ತವೆ.

ಹೆಂಗಸರು ಕಂಪ್ಯೂಟರುಗಳ ಹೊರಮೈ ಒರೆಸುತ್ತಿದ್ದರು. ಒಳಮೈಯ ಶುಚಿತ್ವದ ಕಡೆ ಯಾರ ಗಮನವೂ ಇರಲಿಲ್ಲ. ನಮ್ಮ ವಿನ್ಯಾಸಗಾರ್ತಿ ವೆರೊನಿಕಾ ಮಾಡಿಟ್ಟ ಕೆಲಸಗಳನ್ನೆಲ್ಲ ಪೆನ್‌ಡ್ರೈವಿಗೆ ಸೇರಿಸಿ, ಮೂರೂ ಕಂಪ್ಯೂಟರುಗಳಿಂದ ಹಳೆಯ ಸಾಫ್ಟ್‌ವೇರನ್ನು ಬೇರುಸಹಿತ ಕಿತ್ತೆ. ಹೊಸ ದೇವರನ್ನು ಹಳೆಯ ನಿರ್ಮಾಲ್ಯದ ಮೇಲೆ ಕೂರಿಸುವುದುಂಟೆ? ಅಷ್ಟರಲ್ಲಿ ಅಮ್ಮ ಬಂದು, "ಮಗಾ, ಹೊಳೆಯುವಂಥದ್ದು ಎಂತಾದ್ರೂ ಉಂಟಾ?" ಎಂದರು. ನಿರುಪಯುಕ್ತವಾಗಿದ್ದ ಹಳೆಯ ಸಾಫ್ಟ್‌ವೇರಿನ ಡಿಸ್ಕನ್ನು ಉದಾರವಾಗಿ ಕೊಟ್ಟೆ.

ಹೊಸದನ್ನು ಹಾಕಿದಾಗ ಪರದೆಯ ಮೇಲೆ ಒಂದು ವಿನಮ್ರ ಪ್ರಶ್ನೆ ಮೂಡಿತು. ವೆರೊನಿಕಾ ಓದಿ ಹೇಳಿದಳು: "ಸರ್, ಹಳೇದು ಎಲ್ಲಿ ಅಂತ ಕೇಳ್ತಾ ಉಂಟು. ಇಲ್ಲದಿದ್ರೆ ಹಳೇ ಡಿಸ್ಕನ್ನಾದ್ರೂ ತೋರಿಸ್ಬೇಕಂತೆ."

ಹರಿಣಾಕ್ಷಿ ಒರೆಸುವ ಬಟ್ಟೆಯನ್ನು ಕೆಳಗಿಟ್ಟು ನನ್ನತ್ತ ತಿರುಗಿದಳು.

"ಅಡಿಪಾಯ ಉಂಟು, ಮಾಡು ಮಾತ್ರ ಸಾಕು ಅಂದ್ರಿ," ಎಂದಳು. "ಈಗ ಅಡಿಪಾಯವನ್ನೇ ಗುಡಿಸಿ ಹಾಕಿದ್ದೀರಲ್ಲ ಮಾರಾಯ್ರೆ! ಮಾಡು ಎಂತ, ಆಕಾಶಕ್ಕೆ ಹೊದಿಸುದಾ?"

"ಡಿಸ್ಕ್ ಸುರಕ್ಷಿತವಾಗಿದೆ. ಅಮ್ಮನ ವಶದಲ್ಲಿದೆ," ಎಂದೆ, ಆಡಳಿತಾಧಿಕಾರಿಗೆ ಒಪ್ಪುವ ಧ್ವನಿಯಲ್ಲಿ.

ಅದು ತಾರಸಿಯಲ್ಲಿತ್ತು. ಅಮ್ಮ ಚಾಪೆಯ ತುಂಬ ನಂಗು ಮೀನು ಒಣಗಲು ಹರಡಿ, ಕಾಗೆ ಬೆದರಲೆಂದು ಡಿಸ್ಕನ್ನು ಕೋಲಿಗೆ ಕಟ್ಟಿ ನೇತುಹಾಕಿದ್ದರು. ಅದು ಗಾಳಿಗೆ ಮಿರಮಿರ ತಿರುಗುತ್ತಿತ್ತು. ಸುತ್ತಲಿನ ತೆಂಗಿನಮರಗಳಲ್ಲಿ ಕಾಗೆಗಳು ಸಭೆ ಸೇರಿದ್ದವು.

"ಅಮ್ಮಾ, ಅದು ಈಗ ಕಚೇರಿಗೆ ಬೇಕು."

"ತೆಗಿ ನೋಡುವ! ಕಾಗೆಗೆ ಯಾರು ಉತ್ತರ ಕೊಡುದು? ನಿನ್ನ ಆಫೀಸಾ?"

"ಬೂಬಣ್ಣನ ಮಗಳ ಮದುವೆಯ ಪ್ರಶ್ನೆ ಅಮ್ಮಾ."

ಅಮ್ಮ ಕೊಂಚ ಮೆತ್ತಗಾದರು. ಬೂಬಣ್ಣ ಅವರ ತವರಿನ ಕಡೆಯವರು. "ಹಾಗಾದ್ರೆ ತೆಕ್ಕೊಂಡು ಹೋಗ್ಲಿ. ಅದು ವಾಪಸ್ ಬರುವವರೆಗೆ ನೀನು ಇಲ್ಲಿ ನಿಲ್ಲು."

ನನ್ನ ಹಿಂದೆಯೇ ಮೇಲೆ ಬಂದಿದ್ದ ಹರಿಣಾಕ್ಷಿ ನನಗಿಂತ ಮೊದಲೇ ದಾರ ಬಿಚ್ಚಿಯಾಗಿತ್ತು. "ಮೂರು ಕಂಪ್ಯೂಟರಿಗೂ ತೋರಿಸ್ಬೇಕು, ಹೊತ್ತಾಗ್ತದೆ. ಟೊಪ್ಪಿ ಹಾಕ್ಕೊಳ್ಳಿ," ಎಂದು ಮೆಟ್ಟಿಲಿಳಿದಳು.

ಇಂಥ ಹೊಣೆಯನ್ನು ಹಗುರವಾಗಿ ನಿರ್ವಹಿಸುವವನು ನಾನಲ್ಲ. ಮೊದಲು ಕೋಲು ಬೀಸಿದೆ. ಕಾಗೆಗಳು ಅದಕ್ಕೆ ಒಗ್ಗಿದವು. ಆಮೇಲೆ ಚಾಪೆಯ ಸುತ್ತ ದಿಕ್ಕು ಬದಲಿಸುತ್ತ ನಡೆದೆ. ಕೊನೆಗೆ, ಅಪ್‌ಗ್ರೇಡನ್ನು ಏಕೆ ಆರಿಸಿದೆನೆಂದು ಅವುಗಳಿಗೆ ಗಟ್ಟಿಯಾಗಿ, ಅಂಶ ಅಂಶವಾಗಿ ವಿವರಿಸತೊಡಗಿದೆ. ಪರಿಣಾಮ ಅದ್ಭುತವಾಗಿತ್ತು. ಎರಡನೆಯ ಅಂಶಕ್ಕೇ ಮರಗಳು ಖಾಲಿಯಾದವು.

ಬಿಸಿಲಿಳಿಯುವ ಹೊತ್ತಿಗೆ ಬೂಬಣ್ಣನ ಕಾರು ಬಂದು ನಿಂತಿತು. ಅವರು ಇಳಿದು, ತಲೆಯೆತ್ತಿ, ಟೊಪ್ಪಿ ಹಾಗೂ ಕೋಲಿನೊಡನೆ ನಿರ್ಜನ ಆಕಾಶಕ್ಕೆ ಭಾಷಣ ಮಾಡುತ್ತಿದ್ದ ನನ್ನನ್ನು ಕಂಡರು.

"ಯೋಗೀಶಾ! ಎಂತ ಮಾರಾಯಾ ಅಲ್ಲಿ?"

"ಆಫೀಸಿನ ಕೆಲಸ ಬೂಬಣ್ಣಾ," ಎಂದೆ. ಅದು ಅಕ್ಷರಶಃ ಸತ್ಯವಾಗಿತ್ತು.

ಮದುವೆಯ ಕಾಗದ ಸಿದ್ಧವಾಗಿತ್ತು. ಹೊಸ ಸಾಫ್ಟ್‌ವೇರಿನ ಕುಸುರಿಯನ್ನು ಬೂಬಣ್ಣ ಬಾಯ್ತುಂಬ ಹೊಗಳಿ, ತಮ್ಮನ ಗೃಹಪ್ರವೇಶದ ಕಾಗದವನ್ನೂ ನಮಗೇ ಒಪ್ಪಿಸಿದರು. ಕಚೇರಿಯ ಮಾನ ಉಳಿಯಿತು, ಅಗ್ಗದ ದರದಲ್ಲೇ ಉಳಿಯಿತು. ನನ್ನ ನಿರ್ಧಾರ ಸರಿಯಾಗಿತ್ತೆಂದು ಹೆಮ್ಮೆಯಿಂದಲೇ ಹೇಳುತ್ತೇನೆ.

ಹರಿಣಾಕ್ಷಿ ತಾರಸಿಗೆ ಬಂದು ಡಿಸ್ಕನ್ನು ಹಿಂದಿರುಗಿಸಿದಳು. ಅಮ್ಮ ಬಗ್ಗಿ ಚಾಪೆಯನ್ನು ಪರೀಕ್ಷಿಸಿದರು. ಒಂದು ಮೀನೂ ಕಡಿಮೆಯಾಗಿರಲಿಲ್ಲ. ನಾನು ಎದೆ ಸೆಟೆಸಿ ನಿಂತೆ.

"ಡಿಸ್ಕ್ ನೀನೇ ಇಟ್ಕೋ ಮಗಳೇ," ಎಂದರು ಅಮ್ಮ ಸೊಸೆಗೆ. "ಅದು ಗಾಳಿ ಬಂದ್ರೆ ಮಾತ್ರ ಅಲ್ಲಾಡ್ತದೆ. ನಾಳೆ ಹೇಗೂ ಆಫೀಸಿಗೆ ರಜೆ ಅಲ್ವಾ? ಇವನನ್ನು ಬೆಳಿಗ್ಗೆ ಬೇಗ ಕಳಿಸು."