ಸಾಕು ಎನ್ನಲು ಗೊತ್ತಿರುವ ಜೀವಕೋಶ

ಜೀವಶಾಸ್ತ್ರ ಹೇಳುವವನ ಪಾಠದಲ್ಲಿ ಮನೆಯ ಸಂಗತಿ ನುಗ್ಗುವುದು ತಪ್ಪಿದ್ದಲ್ಲ. ಜೀವಕೋಶ ತನ್ನ ಪ್ರೋಟೀನುಗಳನ್ನು ಹೇಗೆ ಹತೋಟಿಯಲ್ಲಿಡುತ್ತದೆ ಎಂಬ ಅಧ್ಯಾಯ ಬಂತೆಂದರೆ ನನಗೆ ಏನಾದರೊಂದು ಆಗಿಯೇ ತೀರುತ್ತದೆ. ನಾನು ಚಳ್ಳಕೆರೆಯಲ್ಲಿ ಪಿಯು ಉಪನ್ಯಾಸಕ. ನನ್ನಾಕೆ ಮೂರು ವರ್ಷದಿಂದ ಬೀದರಿನ ಕಡೆ ಸರ್ಕಾರಿ ನರ್ಸ್. ಅವಳ ಜೊತೆ ಒಂದೇ ಮನೆಯಲ್ಲಿ ಇರುವುದು ಯಾವಾಗ ಎಂಬುದೊಂದೇ ನನ್ನ ಧ್ಯಾನ.

೧. ಬೇಕಾದಷ್ಟೇ

ಪದಾರ್ಥ ಸಾಕಷ್ಟಾದ ಕೂಡಲೇ ಜೀವಕೋಶ ಅದರ ತಯಾರಿಕೆ ನಿಲ್ಲಿಸುತ್ತದೆ ಎಂದು ಹೇಳುತ್ತಿದ್ದೆ. ಎಣ್ಣೆ ಮಿಲ್ಲಿನವರ ಮಗಳು, ಟ್ಯಾಂಕು ತುಂಬಿದರೆ ನಮ್ಮಪ್ಪನೂ ಶೇಂಗಾ ಹಾಕುವುದು ನಿಲ್ಲಿಸುತ್ತಾರೆ ಎಂದಳು. ಭೇಷ್ ಎಂದೆ.

ಮಧ್ಯಾಹ್ನ ನನ್ನ ಡಬ್ಬಿ ಬಿಚ್ಚಿದರೆ ಎಂದಿನಂತೆ ನಾಲ್ಕು ಮುದ್ದೆ. ಎರಡು ನನ್ನವು, ಎರಡು ಅವಳವು. ಹಿಟ್ಟು ಅಳೆಯುವ ಕೈ ಇನ್ನೂ ಇಬ್ಬರಿಗೇ ಅಳೆಯುತ್ತದೆ, ಏನು ಮಾಡಲಿ? ಅವಳ ಪಾಲನ್ನು ಇತಿಹಾಸದ ಮೇಷ್ಟ್ರು ತಿನ್ನುತ್ತಾರೆ. ಮೇಡಂ ಯಾವಾಗ ಬರುತ್ತಾರೆ ಎಂದು ಊರೆಲ್ಲ ಕೇಳುತ್ತದೆ, ಇವರೊಬ್ಬರು ಕೇಳುವುದಿಲ್ಲ. ಒಂದು ದಿನ ನಾನೇ ಆ ಮಾತು ತೆಗೆದೆ.

"ಬರ್ಲಿ ಸಾರ್, ಬೇಡ ಅಂದೋರ್ಯಾರು? ಅವರೆಕಾಳು ಸಾರಿನ ಕಾಲ ಒಂದು ಮುಗೀಲಿ" ಎಂದರು.

೨. ಕೆಂಪು ಚೀಟಿ

ಕೆಟ್ಟುಹೋದ ಪ್ರೋಟೀನಿಗೆ ಜೀವಕೋಶ ಒಂದರ ಹಿಂದೊಂದು ಚೀಟಿ ಅಂಟಿಸುತ್ತದೆ. ಚೀಟಿ ಬಿದ್ದದ್ದನ್ನು ಚೂರುಚೂರು ಮಾಡಿ, ಆ ಚೂರುಗಳಿಂದಲೇ ಹೊಸದನ್ನು ಕಟ್ಟುತ್ತದೆ. ಇದನ್ನು ತೋರಿಸಲು ತರಗತಿಯಲ್ಲಿ ಮುರಿದ ಕುರ್ಚಿಗೊಂದು, ಹಳೇ ಸೂಕ್ಷ್ಮದರ್ಶಕಕ್ಕೊಂದು, ಕೊನೆಗೆ ನನ್ನ ಊಟದ ಚೀಲಕ್ಕೊಂದು ಕೆಂಪು ಚೀಟಿ ಅಂಟಿಸಿದೆ. ಚೀಲ ಅವಳು ಹೋಗುವ ಮುನ್ನಾದಿನ ತನ್ನ ಹಳೇ ಸೀರೆಯಲ್ಲಿ ಹೊಲಿದುಕೊಟ್ಟದ್ದು.

ಅಂದೇ ಅಟೆಂಡರ್ ಗುಜರಿಗೆ ಹಾಕುವ ಸಾಮಾನಿಗೂ ಕೆಂಪು ಚೀಟಿಯನ್ನೇ ಅಂಟಿಸಿದ್ದ. ನಾನು ಕೈ ತೊಳೆದು ಬರುವಷ್ಟರಲ್ಲಿ ಎಲ್ಲವೂ ಆಟೋ ಏರಿ ಹೋಗಿದ್ದವು. ಗುಜರಿ ಅಂಗಡಿಗೆ ಓಡಿದೆ. ಅಂಗಡಿಯ ಸಾಹೇಬರು ಚೀಲವನ್ನು ಬೇರೆ ಎತ್ತಿಟ್ಟಿದ್ದರು. ಕುರ್ಚಿ, ಸೂಕ್ಷ್ಮದರ್ಶಕ ಬೇಡವೇ ಎಂದು ಕೇಳಿದರು. ಬೇಡ ಎಂದು ಚೀಲವನ್ನು ಎದೆಗವಚಿಕೊಂಡೆ. ಕಣ್ಣು ತುಂಬಿದ್ದನ್ನು ಅವರು ನೋಡಿಬಿಟ್ಟರು.

"ಅಳಬ್ಯಾಡ್ರಿ ಸಾಬ್. ನಾನು ಮುಟ್ಟಿಲ್ಲ, ಮುದ್ದೆ ನಾಲ್ಕೂ ಐತೆ."

೩. ಇದ್ದೂ ಇಲ್ಲದ್ದು

ಕೆಲವು ಪ್ರೋಟೀನುಗಳು ತಯಾರಾಗಿ ಸುಮ್ಮನೆ ಕೂತಿರುತ್ತವೆ. ಒಂದು ಫಾಸ್ಫೇಟ್ ಬಂದು ಅಂಟಿಕೊಂಡರೆ ಎದ್ದು ಕೆಲಸ ಮಾಡುತ್ತವೆ. ಉದಾಹರಣೆ ಕೊಡಿ ಎಂದೆ. ಮೊಳಕಾಲ್ಮೂರಿನಿಂದ ಬಸ್ಸಿಗೆ ಬರುವ ಹುಡುಗಿ ಎದ್ದು ನಿಂತಳು.

"ನೀವೇ ಸಾರ್. ಮೇಡಂ ಫೋನ್ ಬಂದ ದಿನ ಬೋರ್ಡ್ ತುಂಬಾ ಬರೀತೀರಿ. ಬರದಿದ್ದ ದಿನ ಹಾಜರಿ ತಗಂಡು ಕಿಟಕಿ ನೋಡ್ತೀರಿ."

ಪೂರ್ತಿ ಅಂಕ ಕೊಟ್ಟು, ಕಿಟಕಿಯ ಕಡೆ ತಿರುಗಿದೆ.

೪. ಆದೇಶ

ಹೊರಗಿನ ಸುದ್ದಿ ಒಳಗೆ ಮುಟ್ಟಿದ ಮೇಲೆಯೇ ಜೀವಕೋಶ ಎಷ್ಟೋ ಪ್ರೋಟೀನುಗಳ ತಯಾರಿಕೆಗೆ ಕೈ ಹಾಕುತ್ತದೆ. ವರ್ಷ ವರ್ಷ ಇದನ್ನು ಹೇಳುವ ನಾನು ಅವಳಿಗೆ ಸುದ್ದಿಯನ್ನೇ ಕೊಡದೆ, ಪತಿ-ಪತ್ನಿ ಪ್ರಕರಣದಡಿ ಅವಳಿರುವ ಊರಿಗೆ ವರ್ಗಾವಣೆ ಕೇಳಿದೆ. ಹೋಗಿ ಬಾಗಿಲು ತಟ್ಟಿ ಬೆರಗುಗೊಳಿಸುವ ಆಸೆ. ಆದೇಶ ಬಂದ ದಿನವೇ ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡೆ. ಖುಷಿ ತಡೆಯದೆ ಫೋನನ್ನೂ ಮಾಡಿಬಿಟ್ಟೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಶುರು ಮಾಡಿದಳು.

"ರೀ, ನಂಗೆ ಚಳ್ಳಕೆರೆಗೆ ಆರ್ಡರ್ ಆಯ್ತು. ಬೆಳಿಗ್ಗೆನೇ ರಿಲೀವ್ ಆದೆ. ಸಾಮಾನು ಸಮೇತ ಬಸ್ಸಲ್ಲಿದೀನಿ."

ನನ್ನ ವಿಷಯ ಹೇಳಿದೆ. ಅವಳು ಅತ್ತಳು, ನಡುವೆಯೇ ನಕ್ಕಳು.

ನನ್ನ ಅರ್ಜಿಗೆ ಅವಳ ಸೇವಾ ಪ್ರಮಾಣಪತ್ರವನ್ನು ಅವಳ ಆಸ್ಪತ್ರೆಯಿಂದ ಗುಟ್ಟಾಗಿ ತರಿಸಿದ್ದೆ. ಅವಳ ಅರ್ಜಿಗೂ ನನ್ನದು ಬೇಕೇ ಬೇಕು. ಅದು ನಮ್ಮ ಆಫೀಸಿನಿಂದಲೇ ಹೋಗಿರಬೇಕು. ನೇರ ಗುಮಾಸ್ತರ ಮುಂದೆ ನಿಂತು, ಎರಡೂ ಅರ್ಜಿಯ ಸಂಗತಿ ನಿಮಗೆ ಗೊತ್ತಿತ್ತೇ ಎಂದೆ. ಗೊತ್ತಿತ್ತು ಎಂದರು. ಮತ್ತೆ ಒಂದು ಮಾತು ಹೇಳಬಾರದಿತ್ತೇ ಎಂದೆ.

ಅವರಿಗೆ ನಿಜಕ್ಕೂ ಬೇಸರವಾಯಿತು.

"ಮೇಡಂ ಫೋನ್ ಮಾಡಿ ನಿಮಗೆ ಹೇಳ್ಬೇಡಿ ಅಂದ್ರು. ನೀವು ಕೈಮುಗಿದು ಮೇಡಂಗೆ ಹೇಳ್ಬೇಡಿ ಅಂದ್ರಿ. ಇಬ್ರ ಮಾತೂ ಉಳಿಸೀನಿ ಸಾರ್, ನನ್ನ ಹೆಂಡ್ತಿಗೂ ಹೇಳಿಲ್ಲ."