ಕಂಪ್ಯೂಟರಿನಲ್ಲಿ ಕ್ಷೇತ್ರದರ್ಶನ

ನನ್ನ ತಂಗಿ ಪದ್ಮಾಳನ್ನು ನೋಡಲು ಹುಕ್ಕೇರಿಯವರು ಬರುತ್ತಾರೆಂದು ಗೊತ್ತಾದ ದಿನವೇ, ಈ ಸಂಬಂಧ ಕುದುರಿಸುವ ಸಂಪೂರ್ಣ ಜವಾಬ್ದಾರಿಯನ್ನು ಯಾರೂ ಕೇಳದೆಯೇ ನಾನು ಹೊತ್ತುಕೊಂಡೆ. ಗೋಕಾಕದ ಪೇಟೆಯಲ್ಲಿ ನಮ್ಮದು ಬಟ್ಟೆ ಅಂಗಡಿ. ಬಂದ ಗಿರಾಕಿ ಬರಿಗೈಯಲ್ಲಿ ಮೆಟ್ಟಿಲು ಇಳಿಯಬಾರದು ಎಂಬ ತತ್ವದವನು ನಾನು. ಸೀರೆ ಒಪ್ಪಿಸುವವನಿಗೆ ಬೀಗರನ್ನು ಒಪ್ಪಿಸುವುದು ಯಾವ ದೊಡ್ಡ ಮಾತು?

ಪದ್ಮಾಳಿಗೆ ಮಾತ್ರ ನನ್ನ ಮೇಲೆ ಅಷ್ಟು ಭರವಸೆ ಇರಲಿಲ್ಲ. ವರ ಭರತೇಶ ಹುಕ್ಕೇರಿಯಲ್ಲಿ ಮಾಸ್ತರ. ಪದ್ಮಾಳೂ ಶಾಲೆಯಲ್ಲಿ ಕಲಿಸುವವಳು. ಲಗ್ನವಾದ ಮೇಲೂ ಅವಳು ಕೆಲಸ ಬಿಡುವುದು ಬೇಡ ಎಂದು ಅವನು ತಾನಾಗಿಯೇ ಹೇಳಿಕಳಿಸಿದ್ದ. ಅದಕ್ಕೆ ಮೊದಲು ಬಂದವರಲ್ಲಿ ಯಾರ ಬಾಯಿಂದಲೂ ಆ ಮಾತು ಹೊರಟಿರಲಿಲ್ಲ. ಹಿಂದಿನ ದಿನ ಅವಳು ನನ್ನ ಹತ್ತಿರ ಬಂದು ಕೂತಳು.

"ಅಣ್ಣಾ, ಈ ಸಂಬಂಧ ನನಗ ಮನಸಿಗೆ ಬಂದೈತಿ. ನಾಳೆ ನೀ ಸುಮ್ನ ಕುಂದರು. ಅಷ್ಟ ಮಾಡು, ಸಾಕು."

ಸುಮ್ಮನೆ ಕೂರುವುದೊಂದನ್ನು ಬಿಟ್ಟು ಬೇರೇನು ಕೇಳಿದ್ದರೂ ಮಾಡುತ್ತಿದ್ದೆ.

ಆ ವರ್ಷವೇ ನಮ್ಮ ಮನೆಗೆ ಕಂಪ್ಯೂಟರ್ ಬಂದಿತ್ತು. ಅಂಗಡಿಯ ಕೆಲಸಕ್ಕೆಂದು ತಂದದ್ದು. ಬೆಳಗಾವಿಯ ಗೆಳೆಯನೊಬ್ಬ ಅದರಲ್ಲಿ ಒಂದು ಆಟ ಹಾಕಿಕೊಟ್ಟ. ಅಂಗಡಿಯ ಕೆಲಸ ಅಲ್ಲಿಗೇ ನಿಂತಿತು. ಆ ಆಟದ ಚಂದವನ್ನು ಏನೆಂದು ಹೇಳಲಿ! ಮಂಜು ಮುಸುಕಿದ ಬೆಟ್ಟ, ಬೆಟ್ಟವನ್ನು ಸುತ್ತಿಕೊಂಡು ಏರುವ ಕಲ್ಲಿನ ಮೆಟ್ಟಿಲು, ತುದಿಯಲ್ಲಿ ಬಂಗಾರದ ಕಳಸದ ಗುಡಿ, ಪಕ್ಕದಲ್ಲಿ ಧುಮ್ಮಿಕ್ಕುವ ನೀರು. ಗೋಕಾಕದ ಫಾಲ್ಸ್ ನೋಡಿಕೊಂಡೇ ಬೆಳೆದ ನಾನು, ಈ ಸುಳ್ಳು ಜಲಪಾತದ ಮುಂದೆ ಬಾಯಿ ತೆರೆದು ಕೂತಿದ್ದೆ.

ನೋಡುತ್ತ ಕೂತರೆ ಸ್ವರ್ಗ. ಆಡಲು ಕೂತರೆ ಬೇರೆಯೇ ಕಥೆ. ಬಾಗಿಲು ತೆರೆಯಬೇಕು. ಮೂವರು ಕತ್ತಿ ಹಿಡಿದು ಬರುತ್ತಾರೆ. ಅವರನ್ನು ಕಡಿಯಬೇಕು. ಒಂದು ಗಾಲಿ ತಿರುಗಿಸಬೇಕು. ಸೇತುವೆ ಇಳಿಯುತ್ತದೆ. ದಾಟಿದರೆ ಮತ್ತೊಂದು ಬಾಗಿಲು. ತೆರೆದರೆ ಅದೇ ಮೂವರು. ರುಮಾಲಿನ ಬಣ್ಣ ಮಾತ್ರ ಬೇರೆ. ಬೆಟ್ಟ ಮುಗಿದು ಮರಳುಗಾಡು ಬಂತು, ಮರಳುಗಾಡು ಮುಗಿದು ಹಿಮ ಬಿತ್ತು, ಆ ಮೂವರು ಮಾತ್ರ ನನ್ನ ಬೆನ್ನು ಬಿಡಲಿಲ್ಲ. ಇಷ್ಟು ಚಂದದ ಬೆಟ್ಟ ಬರೆದ ಪುಣ್ಯಾತ್ಮರಿಗೆ ನಾಲ್ಕನೆಯ ಮನುಷ್ಯನನ್ನು ಬರೆಯಲು ಏನು ಧಾಡಿಯಾಗಿತ್ತು ಎಂದು ಬೈಯುತ್ತ, ಮುಂದಿನ ನೋಟ ಇನ್ನೂ ಚಂದವಿದ್ದೀತು ಎಂಬ ಆಸೆಗೆ ಮತ್ತೆ ಕಡಿಯುತ್ತ, ಎರಡು ತಿಂಗಳು ಕಳೆದಿದ್ದೆ.

ನಾವು ಜೈನರು. ಉಳ್ಳಾಗಡ್ಡಿ ಮುಟ್ಟುವುದಿಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ನನ್ನ ಹೆಂಡತಿ ಸುಜಾತಾ ಸರಿಯಾದ ಜಾಗಕ್ಕೇ ಕೈ ಹಾಕಿದಳು.

"ಇರುವಿ ತುಳದೇನಂತ ಅಂಗಳದಾಗ ಒಂಟಿಗಾಲಿಲೆ ಕುಣೀತೀರಿ. ಇಲ್ಲಿ ನೋಡಿದ್ರ ಮುಂಜಾನಿಂದ ಮಂದಿನ್ನ ಕಡಿಯಾಕತ್ತೀರಿ."

"ಅವು ಬರೇ ಚಿತ್ರ ಅದಾವ."

"ಚಿತ್ರ ಆದ್ರ ನೀವ್ಯಾಕ ಹಲ್ಲ ಕಡೀತೀರಿ?"

ಹುಕ್ಕೇರಿಯವರು ಬರುವ ದಿನ, ಕಂಪ್ಯೂಟರಿನ ಮೇಲೆ ಇವತ್ತು ಬಟ್ಟೆ ಮುಚ್ಚಿರಿ ಎಂದು ಅವಳು ಹೇಳಿದಾಗ, ನಾನು ಮುಚ್ಚಲಿಲ್ಲ. ಬೀಗರಿಗೆ ನಮ್ಮದು ಸುಧಾರಿಸಿದ ಮನೆ ಎಂದು ಗೊತ್ತಾಗಬೇಡವೇ? ಆಟ ಹಚ್ಚಿ, ಬೆಟ್ಟದ ಬುಡದಲ್ಲಿ ಅದರ ವೀರನನ್ನು ನಿಲ್ಲಿಸಿ, ಕೈ ಕಟ್ಟಿ ಕೂತೆ. ಬಟನ್ ಮುಟ್ಟದಿದ್ದರೆ ಯಾರೂ ಬರುವುದಿಲ್ಲ. ಮಂಜು ತೇಲುತ್ತದೆ, ನೀರು ಬೀಳುತ್ತದೆ, ಅಷ್ಟೇ.

ಹುಕ್ಕೇರಿಯವರು ಸಂಜೆ ಬಂದರು. ವರ, ಅವನ ತಂದೆ ತಾಯಿ, ಮತ್ತು ಅವನ ಅಜ್ಜಿ. ಅಜ್ಜಿಗೆ ಎಲ್ಲರೂ ಆಯಿ ಅನ್ನುತ್ತಿದ್ದರು. ಹೆಜ್ಜೆಗೊಮ್ಮೆ ನೆಲ ನೋಡಿ ಕಾಲಿಡುವ ಹಿರಿಯ ಜೀವ. ಆ ಮನೆಯಲ್ಲಿ ಅವರದೇ ಕೊನೆಯ ಮಾತು ಎಂದು ಮೊದಲೇ ತಿಳಿದಿತ್ತು. ನಮ್ಮ ಅಪ್ಪ ಅವರನ್ನು ಗಾದಿಯ ಮೇಲೆ ಕೂರಿಸಿದರು. ಆಯಿಯ ಕಣ್ಣು ನೇರವಾಗಿ ಕಂಪ್ಯೂಟರಿಗೆ ಹೋಯಿತು. ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡರು.

"ಇದು ಯಾವ ಕ್ಷೇತ್ರ, ತಮ್ಮಾ?"

ಇದು ಆಟ ಎಂದು ಹೇಳುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ಆಯಿ ಆಗಲೇ ಎರಡೂ ಕೈ ಜೋಡಿಸಿಬಿಟ್ಟಿದ್ದರು. ಕೈ ಮುಗಿದವರಿಗೆ ಆಟ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

"ಉತ್ತರದ ಕಡೆ ಬರತೈತ್ರಿ, ಆಯಿ," ಎಂದೆ.

"ಉತ್ತರದ್ದು ಎಲ್ಲಾ ಕ್ಷೇತ್ರ ಮಾಡೇನಿ. ಇದೊಂದ ಉಳದಂಗ ಆತು. ಹತ್ತಾಕ ಪಾವಟಗಿ ಭಾಳ ಅದಾವನು?"

"ಅದಾವ್ರಿ."

"ಬುಡಕ ನಿಂತಾವ ಯಾರ?"

"ಯಾತ್ರಾಕ ಬಂದಾವ್ರಿ."

"ಕೈಯಾಗ ಕತ್ತಿ ಹಿಡದಾನಲ್ಲ?"

"ಕಾಡದಾರಿ ಐತ್ರಿ, ಆಯಿ. ಹುಲಿ ಗಿಲಿ ಬಂದ್ರ..."

ಅಡುಗೆಮನೆಯ ಬಾಗಿಲಲ್ಲಿ ಸುಜಾತಾ ಹಣೆಗೆ ಕೈ ಹಚ್ಚಿ ನಿಂತಿದ್ದಳು. ಆಯಿ ಮುಂದಕ್ಕೆ ಸರಿದು ಕೂತರು.

"ನನಗ ಈಗ ಮೊಣಕಾಲ ನೋವು. ಗುಡ್ಡ ಹತ್ತೂದು ಆಗೂದಿಲ್ಲ. ಆ ಯಾತ್ರಾದಾವನ್ನ ಒಳಗ ಕಳಸು. ಇಲ್ಲೇ ಕುಂತ ದರ್ಶನ ಮಾಡತೇನಿ."

ಆ ಗುಡಿಯ ಬಾಗಿಲ ಹಿಂದೆ ಯಾರಿದ್ದಾರೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಒಂದು ಉಪಾಯ ಹೊಳೆಯಿತು. ಯಾರನ್ನೂ ಕಡಿಯದೆ ಓಡಿಸಿಕೊಂಡು ಹೋಗಿಬಿಡುವುದು! ಮೆಟ್ಟಿಲು ಹತ್ತಿಸಿದೆ. ಬಾಗಿಲು ತೆರೆದೆ. ಮೂವರು ಬಂದರು. ನಾನು ಓಡಿಸಿದೆ. ಅವರು ಅಟ್ಟಿಸಿಕೊಂಡು ಬಂದು ನನ್ನ ಯಾತ್ರಿಕನನ್ನು ಕೆಡವಿದರು. ಪರದೆ ಕಪ್ಪಾಗಿ, ಮರುಕ್ಷಣ ಅವನು ಮತ್ತೆ ಬೆಟ್ಟದ ಬುಡದಲ್ಲಿ ನಿಂತಿದ್ದ.

"ಅಯ್ಯ, ಬಿದ್ದನಲ್ಲ. ಮತ್ತ ಕೆಳಗ ಹೆಂಗ ಬಂದ?" ಎಂದರು ಆಯಿ.

"ಜಾರಿದನ್ರಿ."

ಎರಡನೆಯ ಸಲವೂ ಜಾರಿದ. ಮೂರನೆಯ ಸಲ ಬಾಗಿಲು ತೆರೆಯುವಾಗ ಭರತೇಶ ತುಟಿ ಬಿಗಿಹಿಡಿದು ಕೂತಿದ್ದ. ಇದು ಎಂಥ ಕ್ಷೇತ್ರವೆಂದು ಮಾಸ್ತರನಿಗೆ ಗೊತ್ತಾಗಿತ್ತು. ಮೂವರು ಬಂದರು. ಎರಡು ತಿಂಗಳ ಅಭ್ಯಾಸ ನೋಡಿ, ನನ್ನ ಅಪ್ಪಣೆಯನ್ನು ಬೆರಳುಗಳು ಕೇಳಲೇ ಇಲ್ಲ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಗುಡಿಯ ಹೊಸ್ತಿಲಲ್ಲಿ ಮೂರು ಹೆಣ ಬಿದ್ದಿದ್ದವು.

ವರನ ತಂದೆ ಅವಲಕ್ಕಿಯ ಪ್ಲೇಟನ್ನು ಕೆಳಗಿಟ್ಟರು. ಆಯಿ ಜೋಡಿಸಿದ್ದ ಕೈ ಇಳಿಸಿದರು.

"ಕಡದ," ಎಂದರು.

ಆಗ ನಾನು ಬಾಯಿ ಮುಚ್ಚಿಕೊಂಡಿದ್ದರೆ ಇನ್ನೂ ಉಳಿಗಾಲವಿತ್ತು. ಆದರೆ ಗಿರಾಕಿ ಎದ್ದು ಹೊರಟರೆ ಇನ್ನೊಂದು ಸೀರೆ ಬಿಚ್ಚುವ ಜಾತಿ ನನ್ನದು.

"ಇಲ್ರಿ ಆಯಿ, ಖರೇ ಹೇಳತೇನಿ, ಅವರು ಸಾಯೂದಿಲ್ಲ. ಮುಂದಿನ ಬಾಗಲದಾಗ ಮತ್ತ ಅವರ ಬರತಾರ. ತೋರಸತೇನಿ ತಡೀರಿ."

ಮುಂದಿನ ಬಾಗಿಲು ತೆರೆದೆ. ಅದೇ ಮೂವರು ಬಂದರು. "ನೋಡ್ರಿ, ಬಂದ್ರು!" ಎಂದು ಸಂತೋಷದಿಂದ ಕೂಗಿ, ಅವರನ್ನೂ ಕಡಿದೆ. ಸೇತುವೆ ದಾಟಿ ಇನ್ನೊಂದು ಬಾಗಿಲು ತೆರೆದೆ. ಮತ್ತೆ ಬಂದರು. ಮತ್ತೆ ಕಡಿದೆ. ಅಹಿಂಸೆಯನ್ನು ಸಾಧಿಸಿ ತೋರಿಸುವ ಆ ಭರದಲ್ಲಿ ನಾನು ಎಷ್ಟು ಮಂದಿಯನ್ನು ಮುಗಿಸಿದೆನೋ ದೇವರೇ ಬಲ್ಲ. ಅಪ್ಪ ನನ್ನ ಹೆಸರು ಹಿಡಿದು ಎರಡು ಸಲ ಕರೆದರಂತೆ. ನನಗೆ ಕೇಳಿಸಲಿಲ್ಲ.

ಫಕ್ಕನೆ ಪರದೆ ಆರಿತು. ತಿರುಗಿ ನೋಡಿದರೆ ಗೋಡೆಯ ಸ್ವಿಚ್ಚಿನ ಮೇಲೆ ಪದ್ಮಾಳ ಕೈ. ಇನ್ನೊಂದು ಕೈಯಲ್ಲಿ ಬಿಸಿ ರವೆ ಶಿರಾದ ಟ್ರೇ. ಕಣ್ಣಲ್ಲಿ ನೀರು ತುಂಬಿತ್ತು, ಆದರೆ ದನಿ ನಡುಗಲಿಲ್ಲ.

"ಶಿರಾ ಆರತೈತಿ," ಎಂದಷ್ಟೇ ಹೇಳಿ, ಟ್ರೇ ಇಟ್ಟು, ಆಯಿಯ ಕಾಲು ಮುಟ್ಟಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಯಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ನೀನೂ ಇದನ್ನ ಆಡತೀಯೇನವಾ?"

"ಒಂದ ಸಲ ಆಡೇನ್ರಿ. ಎರಡನೇ ಬಾಗಲಕ್ಕ ತಿಳೀತು, ಮುಂದೂ ಇಷ್ಟ ಐತಿ ಅಂತ. ಬಿಟ್ಟೆ."

"ಮತ್ತ ನಿಮ್ಮ ಅಣ್ಣಗ?"

"ಅವಗ ಇನ್ನೂ ತಿಳದಿಲ್ರಿ."

ಆಯಿ ನಕ್ಕರೋ, ಬರೀ ಕೆಮ್ಮಿದರೋ ಗೊತ್ತಾಗಲಿಲ್ಲ. ಹೊತ್ತು ಮುಳುಗುವ ಮೊದಲೇ ಎಲ್ಲರೂ ಉಂಡು, ವಿಚಾರ ಮಾಡಿ ತಿಳಿಸುತ್ತೇವೆ ಎಂದು ಹೇಳಿ ಹೊರಟರು. ಆ ರಾತ್ರಿ ಪದ್ಮಾ ಬೇಗ ಮಲಗಿದಳು, ಇಲ್ಲವೇ ಮಲಗಿದ ಹಾಗೆ ಮಾಡಿದಳು.

ಮರುದಿನ ಹುಕ್ಕೇರಿಯಿಂದ ಫೋನ್ ಬಂತು. ಅಪ್ಪ ಎತ್ತಿಕೊಂಡರು. ನಾವೆಲ್ಲ ಸುತ್ತ ನಿಂತೆವು. ವರನ ತಂದೆಯ ದನಿ ನಮಗೂ ಕೇಳುವಷ್ಟು ದೊಡ್ಡದಿತ್ತು.

"ಹುಡುಗಿ ಎಲ್ಲಾರಿಗೂ ಪಸಂದ್ ಅದಾಳ್ರಿ. ಆದ್ರ ಆಯಿ ಒಂದ ಮಾತ ಕೇಳಾಕ ಹೇಳ್ಯಾರ. ಅಣ್ಣ ಗೋಕಾಕದಾಗ ಇರತಾನಲ್ರಿ? ನಮ್ಮಲ್ಲಿ ಬಂದ ಇರೂದಿಲ್ಲಲ್ಲ?"

"ಇಲ್ರಿ, ಇಲ್ಲ. ಖಾತ್ರಿ ಕೊಡತೇನಿ," ಎಂದು ಅಪ್ಪ ನನ್ನ ಕಡೆಗೆ ನೋಡದೆಯೇ ಹೇಳಿದರು. ಪದ್ಮಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

ಹೀಗೆ, ನನ್ನ ತಂಗಿಯ ಮದುವೆ ನಿಶ್ಚಯವಾಯಿತು. ಮನೆತನ ನೋಡಿ ಅಲ್ಲ, ಅಂಗಡಿ ನೋಡಿ ಅಲ್ಲ, ನನ್ನ ಸುಧಾರಿಸಿದ ಮನೆ ನೋಡಿಯಂತೂ ಅಲ್ಲವೇ ಅಲ್ಲ. ಹುಡುಗಿಯ ಜೊತೆಗೆ ನಾನು ಬರುವುದಿಲ್ಲ ಎಂಬ ಒಂದೇ ಒಂದು ಷರತ್ತಿನ ಮೇಲೆ!