ಇಪ್ಪತ್ನಾಲ್ಕು ಬಾಟಲಿ ಕೆರೆ ನೀರು

ಕೆರೆಯ ಹುಳ ಎಣಿಸುವವರ ಬಾಳಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ನಗು ಬರುವುದು ವರ್ಷಗಳಾದ ಮೇಲೆ. ಆಗುವ ಹೊತ್ತಿಗೆ ಬರುವುದು ಬೆವರು ಮಾತ್ರ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಬೆಳಗಾವಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಮದುವೆಯಾಗಿ ಆರು ತಿಂಗಳಾಗಿತ್ತು, ಅಷ್ಟರಲ್ಲಿ ಪಿಎಚ್.ಡಿ. ಹುಚ್ಚು ಹತ್ತಿತು. ಒಂದು ಕೆರೆಯಲ್ಲಿ ಕಂಡೂ ಕಾಣದಂಥ ಸಣ್ಣ ಜೀವಿಗಳು ಯಾವ್ಯಾವು, ಯಾವ ತಿಂಗಳು ಯಾರದು ಜೋರು, ಯಾರು ಯಾರನ್ನು ತಿಂದು ಬದುಕುತ್ತಾರೆ, ಇದು ನನ್ನ ವಿಷಯ. ನಮ್ಮ ಓಣಿಯ ಕಥೆಯಂಥದ್ದೇ, ಓಣಿ ಮಾತ್ರ ನೀರೊಳಗೆ.

ನನ್ನ ಮಾರ್ಗದರ್ಶಕರಿಗೆ ಮಾತು ಕಡಿಮೆ, ಷರತ್ತು ಜಾಸ್ತಿ. "ತಿಂಗಳಿಗೊಂದು ಬಾಟಲಿ. ಎರಡನೇ ರವಿವಾರ, ಬೆಳಿಗ್ಗೆ ಹತ್ತರೊಳಗ, ನಿನ್ನ ಕೈಯಿಂದನ ತುಂಬಿರಬೇಕು. ಹಿಂಗ ಇಪ್ಪತ್ನಾಕು. ನಡುವ ಒಂದು ತಪ್ಪಿತೋ, ಮತ್ತ ಮೊದಲಿಂದ. ಅಷ್ಟೊತ್ತಿಗೆ ನಾ ರಿಟೈರ್ ಆಗಿರ್ತೀನಿ."

ಮನೆಯಲ್ಲಿ ಅತ್ತೆಯವರದು ಇನ್ನೊಂದು ಗಡುವು. "ಎರಡ ವರ್ಷ ಏನರ ಮಾಡ್ಕೋ. ಆಮ್ಯಾಲೆ ನನಗ ಮೊಮ್ಮಗ ಬೇಕು." ಹೀಗೆ ಎರಡು ಗಡಿಯಾರ ನನ್ನ ತಲೆಯ ಮೇಲೆ ಒಟ್ಟಿಗೇ ಟಿಕ್ ಟಿಕ್ ಅನ್ನತೊಡಗಿದವು.

ಕುಂಚಗಿ

ಜೀವಿಗಳನ್ನು ಸೋಸಿ ಹಿಡಿಯಲು ಬಲೆ ಬೇಕು. ಅದಕ್ಕೆ ಬಲು ಸಣ್ಣ ಹೆಣಿಗೆಯ ರೇಷ್ಮೆ ಬಟ್ಟೆ. ಮಾರ್ಗದರ್ಶಕರು ಎಲ್ಲಿಂದಲೋ ತರಿಸಿದ ಒಂದೇ ಒಂದು ತುಂಡನ್ನು ನನ್ನ ಕೈಗಿಟ್ಟು, "ಕೆಡಿಸಿದರ ಇನ್ನೊಂದಿಲ್ಲ" ಅಂದಿದ್ದರು.

ಖಡೇಬಜಾರದಲ್ಲಿ ನಮ್ಮ ಮನೆಯ ಬಟ್ಟೆ ಹೊಲಿಯುತ್ತಿದ್ದ ಟೇಲರ್ ಕಾಕಾನ ಮುಂದೆ ಕೂತೆ. ಬಾಯಿ ಅಗಲ, ತುದಿ ಚೂಪು, ಹೀಗೆ ಬೇಕು ಅಂತ ಕಾಗದದ ಮೇಲೆ ಬರೆದು ತೋರಿಸಿದೆ. ಕಾಕಾ ಕತ್ತರಿ ಹಿಡಿದರು. ನನ್ನ ಪ್ರಾಣ ಆ ಕತ್ತರಿಯ ತುದಿಯಲ್ಲಿತ್ತು. ಒಂದು ಬೆರಳು ಆಚೀಚೆಯಾದರೂ ನನ್ನ ಪಿಎಚ್.ಡಿ. ಶುರುವಾಗುವ ಮೊದಲೇ ಮುಗಿದಂತೆ.

"ಕುಂಚಗಿ ಏನ್ರಿ?" ಅಂದರು ಕಾಕಾ. ಎಳೆಗೂಸಿಗೆ ಥಂಡಿ ಹತ್ತದಿರಲಿ ಅಂತ ತಲೆಗೆ ಹಾಕುವ ಚೂಪು ಟೊಪ್ಪಿಗೆಗೆ ನಮ್ಮ ಕಡೆ ಕುಂಚಗಿ ಅನ್ನುತ್ತೇವೆ. ನನಗೆ ಕತ್ತರಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ, ಕೇಳುತ್ತಲೂ ಇರಲಿಲ್ಲ. "ಹೂಂ" ಅಂದೆ.

"ಎಷ್ಟ ತಿಂಗಳದ್ರಿ?"

"ಇಪ್ಪತ್ನಾಕ ತಿಂಗಳದ್ದು ಕಾಕಾ. ಮೊದಲನೇದು ಮುಂದಿನ ತಿಂಗಳ. ಆಮ್ಯಾಲೆ ತಿಂಗಳಿಗೊಂದು."

ಕತ್ತರಿ ಅರ್ಧಕ್ಕೇ ನಿಂತಿತು. "ತಿಂಗಳಿಗೊಂದು?"

"ಹೌದ್ರಿ. ತಪ್ಪೂ ಹಂಗಿಲ್ಲ. ಮತ್ತ ತುದೀಗೆ ಒಂದು ತೂತು ಬಿಡ್ರಿ, ಬಾಟಲಿ ಕಟ್ಟಬೇಕು."

ಕಾಕಾ ಅಂಗಡಿಯ ಹುಡುಗನ ಕಿವಿಯಲ್ಲಿ ಏನೋ ಹೇಳಿ ನಮ್ಮ ಓಣಿಯ ಕಡೆ ಓಡಿಸಿದರು. ನೀಟಾಗಿ ಹೊಲಿದು ಕೊಟ್ಟರು. ಬಟ್ಟೆ ಕೆಡಲಿಲ್ಲವೆಂಬ ಖುಷಿಯಲ್ಲಿ ನಾನು ಮನೆಗೆ ಬಂದರೆ, ಸುದ್ದಿ ನನಗಿಂತ ಮೊದಲೇ ಬಂದು ಕೂತಿತ್ತು. ಅತ್ತೆ ಬಾಗಿಲಲ್ಲೇ ನನ್ನ ಬಾಯಿಗೆ ಸಕ್ಕರೆ ಹಾಕಿದರು. ಓಣಿಯ ನಾಲ್ಕು ಹೆಂಗಸರು ಹಿಂದೆ ನಿಂತಿದ್ದರು. ಬಾಯಿ ತುಂಬ ಸಕ್ಕರೆ ಇಟ್ಟುಕೊಂಡು "ಇದು ಹುಳಕ್ಕರಿ" ಅಂತ ಹೇಳುವ ಪ್ರಸಂಗ ವೈರಿಗೂ ಬರಬಾರದು.

ಅತ್ತೆ ಬಲೆಯನ್ನು ಕೈಯಲ್ಲಿ ಹಿಡಿದು, ತುದಿಯ ತೂತಿನಲ್ಲಿ ಬೆರಳು ತೂರಿಸಿ ನೋಡಿ, ಹೆಂಗಸರ ಕಡೆ ತಿರುಗಿದರು. "ನೋಡ್ರಿ, ನನ್ನ ಸೊಸಿ ಹುಳಕ್ಕ ರೇಷ್ಮಿ ಕುಂಚಗಿ ಹೊಲಿಸ್ಯಾಳ. ನನ್ನ ಮೊಮ್ಮಗಗ ಹತ್ತಿ ಬಟ್ಟೀದರ ಹೊಲಸತಾಳೋ ಇಲ್ಲೋ!"

ಯಾವ ಸಮಾಜ?

ನಾನು ಆರಿಸಿಕೊಂಡ ಕೆರೆ ಖಾನಾಪುರದಾಚೆ. ಬೆಳಗಿನ ಪ್ಯಾಸೆಂಜರ್ ಹಿಡಿದು ಗುಂಜಿಯಲ್ಲಿ ಇಳಿದು, ಕಾಡಿನ ಅಂಚಿಗೆ ಎರಡು ಮೈಲಿ ನಡೆದರೆ ಒಂದು ಸಣ್ಣ ಹಳ್ಳಿ, ಅದರ ಬಾಜುಕ್ಕೆ ಕೆರೆ. ಅರ್ಧ ಊರು ಮರಾಠಿ, ಅರ್ಧ ಊರು ಕನ್ನಡ, ಸಂತೆಯಲ್ಲಿ ಎಲ್ಲರೂ ಎರಡೂ. ಆದರೆ ಗಡಿಯ ಗಲಾಟೆಯ ದಿನಗಳು ಅವು. ಹೊಸಬರು ಯಾರಾದರೂ ವಹಿ, ಪೆನ್ನು ಹಿಡಿದು ಬಂದರೆ ಊರಿನ ಕಿವಿ ನೆಟ್ಟಗಾಗುತ್ತಿತ್ತು.

ಮೂರನೇ ಬಾಟಲಿಯ ದಿನ ಹತ್ತಾರು ಗಂಡಸರು ಕೆರೆಯ ಮೆಟ್ಟಿಲ ಮೇಲೆ ನನ್ನನ್ನು ಸುತ್ತಿಕೊಂಡರು. ಗಂಟೆ ಒಂಬತ್ತೂವರೆ. ಬಲೆ ಇನ್ನೂ ಒಣಗಿಯೇ ಇತ್ತು.

"ಏನ ಬರಕೋಳಾಕತ್ತೀರಿ, ಬಾಯಾರ?"

"ಇಲ್ಲಿರೂ ಸಮುದಾಯ ಎಣಸಾಕ ಬಂದೀನ್ರಿ" ಅಂದೆ. ಪುಸ್ತಕದ ಮಾತು ಬಾಯಿಗೆ ಬಂದದ್ದು ನನ್ನ ಗ್ರಹಚಾರ.

"ಯಾವ ಸಮಾಜ?" ಅಂದ ಒಬ್ಬ. "ಕನ್ನಡದವ್ರು ಎಷ್ಟು, ಮರಾಠಿಯವ್ರು ಎಷ್ಟು, ಅದನ್ನೇನು?" ಅಂದ ಇನ್ನೊಬ್ಬ. ಮೂರನೆಯವ ನನ್ನ ವಹಿ ಕಸಿದುಕೊಂಡು, "ಹೋದ ತಿಂಗಳ ಮುನ್ನೂರ ಹನ್ನೆರಡು ಅಂತ ಬರದಾಳ. ನಮ್ಮ ಊರಾಗ ಅಷ್ಟ ಮಂದಿ ಎಲ್ಲಿ ಅದಾರ?" ಅಂತ ಕೂಗಿದ. ಎರಡೂ ಕಡೆಯವರು ಒಬ್ಬರನ್ನೊಬ್ಬರು ನೋಡಿಕೊಂಡರು. ಹೆಚ್ಚಿನ ಮಂದಿಯನ್ನು ಯಾರು ಬರೆಸಿದರು ಎಂಬ ಗುಮಾನಿ. ದನಿ ಏರಿತು.

ಊರ ಹಿರಿಯರೊಬ್ಬರು ಮುಂದೆ ಬಂದರು. ನಾನು ಬಲೆ ಅದ್ದಿ, ಬಾಟಲಿ ತುಂಬಿ, ಭೂತಗನ್ನಡಿಯನ್ನು ಅವರ ಕೈಗೆ ಕೊಟ್ಟೆ. ಅಜ್ಜ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. ಒಳಗೆ ಜೀರಿಗೆ ಕಾಳಿಗಿಂತ ಸಣ್ಣವು ಟಣಟಣ ಜಿಗಿಯುತ್ತಿದ್ದವು.

"ಇವನ್ನ ಎಣಸತೀರೇನು?"

"ಇವನ್ನರಿ ಅಜ್ಜಾ."

"ಇವು ಏನರ ಮಾತಾಡತಾವ?"

"ಇಲ್ಲರಿ."

ಅಜ್ಜ ಭೂತಗನ್ನಡಿ ಇಳಿಸಿ ಎಲ್ಲರಿಗೂ ತೀರ್ಪು ಕೊಟ್ಟರು: "ಬರಕೊಂಡ ಹೋಗ್ಲಿ ಬಿಡ್ರೋ. ಈ ಊರಾಗ ಬಾಯಿ ಮುಚ್ಚಿಕೊಂಡ ಸಂಸಾರ ಮಾಡೂ ಮಂದಿ ಇವರಷ್ಟ!"

ಏಳು ತಿಂಗಳ ತಡೀರಿ

ಆ ಭೂತಗನ್ನಡಿಯೇ ನನಗೆ ಉರುಳಾಯಿತು. ಪ್ರತಿ ತಿಂಗಳೂ ನಾನು ಹೋದಾಗ ಅಜ್ಜ ಒಬ್ಬಿಬ್ಬರಿಗೆ ತೋರಿಸುತ್ತಿದ್ದರು. ಒಂದೂವರೆ ವರ್ಷದಲ್ಲಿ ಇಡೀ ಊರು ತಾನು ಕುಡಿಯುವ ನೀರನ್ನು ನೋಡಿ ಮುಗಿಸಿತ್ತು. ಹದಿನೆಂಟನೇ ಬಾಟಲಿಗೆ ಹೋದರೆ, ಕೆರೆಯ ದಂಡೆಯ ಮೇಲೆ ಬಿಳಿ ಪುಡಿಯ ಎರಡು ಚೀಲ.

"ಬ್ಲೀಚಿಂಗ್ ಪೌಡರ್ ರೀ, ಬಾಯಾರ. ನೀವ ತೋರಿಸಿದ್ದು, ನಿಮ್ಮ ಉಪಕಾರ. ಇವತ್ತ ಎಲ್ಲಾ ಹುಳಾ ಸಾಫ್!" ಅಂದ ಚೀಲದ ಬಾಜುಕ್ಕೆ ನಿಂತವನೊಬ್ಬ.

ನನಗೆ ಕೆರೆಯೇ ಗಿರ್ರನೆ ತಿರುಗಿತು. ಹದಿನೇಳು ಬಾಟಲಿ ವ್ಯರ್ಥ, ಎರಡು ಮಳೆಗಾಲ ವ್ಯರ್ಥ. "ಇನ್ನ ಏಳ ಬಾಟಲಿ ಅದಾವ, ಏಳ ತಿಂಗಳ ತಡೀರಿ, ಕಾಲಿಗೆ ಬೀಳತೀನಿ" ಅಂದೆ.

ಕೊಡ ಹೊತ್ತಿದ್ದ ಒಬ್ಬಾಕೆ ಕೊಡವನ್ನು ಇಳಿಸಲೂ ಇಲ್ಲ, ದನಿ ಏರಿಸಲೂ ಇಲ್ಲ. "ನಿಮ್ಮ ಹುಳಾ ಬದುಕಬೇಕು, ನಮ್ಮ ಹುಡುಗರ ಹೊಟ್ಟಿ ನೋಯಬೇಕೇನ್ರಿ?"

ನಾಚಿಕೆಯಿಂದ ತಲೆ ತಗ್ಗಿತು. ಆಕೆ ಹೇಳಿದ್ದು ಖರೇ. ಆದರೂ ಖರೇ ಹೇಳಬೇಕೆಂದರೆ, ಆ ಚೀಲದ ಮೇಲೇ ಕೂತುಬಿಡೋಣ ಅನ್ನಿಸಿತ್ತು. ಕೊನೆಗೆ ಸೀರೆಯ ಸೆರಗನ್ನು ನಾಲ್ಕು ಮಡಿಕೆ ಮಾಡಿ ಆಕೆಯ ಕೊಡದ ನೀರನ್ನೇ ಸೋಸಿದೆ. ಅಜ್ಜನ ಕೈಗೆ ಭೂತಗನ್ನಡಿ ಕೊಟ್ಟೆ. ಇಡೀ ಊರು ಅಜ್ಜನ ಸುತ್ತ ಒತ್ತಿಕೊಂಡು ನಿಂತಿತು.

"ಒಂದೂ ಇಲ್ಲ" ಅಂದರು ಅಜ್ಜ.

ಹೀಗೆ ಸೋಸಿ, ಕಾಯಿಸಿ ಕುಡಿಯಿರಿ ಅಂದೆ. ಹೆಂಗಸರು ತಮ್ಮತಮ್ಮೊಳಗೆ ಮಾತಾಡಿಕೊಂಡು ಒಪ್ಪಿದರು. ಚೀಲ ಬಿಚ್ಚಲಿಲ್ಲ.

ಮುಂದಿನ ತಿಂಗಳು ಹೋದಾಗ ಮೆಟ್ಟಿಲ ಮೇಲೆ ಹನ್ನೊಂದು ತಂಬಿಗೆ ಸಾಲಾಗಿ ಇಟ್ಟಿದ್ದವು. ಹತ್ತು ಮಾರು ದೂರದಿಂದಲೇ ಮೂಗು ಮುಚ್ಚುವಂಥ ನಾತ. ಕೊಡದಾಕೆ ಹೆಮ್ಮೆಯಿಂದ ಮುಂದೆ ಬಂದಳು. "ತಿಂಗಳಪೂರ್ತಿ ಸೋಸಿ ತೆಗೆದಿಟ್ಟ ಹುಳಾರಿ, ಬಾಯಾರ. ನಿಮ್ಮವು ಒಂದೂ ಕುಡದಿಲ್ಲರಿ. ಎಣಿಸಿಕೋರಿ!"

ಷರಾ

ಅತ್ತೆಯವರ ಗಡುವನ್ನು ನಾನು ಸ್ವಲ್ಪ ಮೊದಲೇ ಪಾಲಿಸಿದ್ದೆ. ಇಪ್ಪತ್ನಾಲ್ಕನೇ ಬಾಟಲಿಯ ಹೊತ್ತಿಗೆ ನನಗೆ ಎಂಟು ತಿಂಗಳು. ಕಾಲು ಬಾತು ಕಂಬವಾಗಿದ್ದವು. ರೈಲು ಹತ್ತಲೇಕೂಡದು ಅಂದರು ಡಾಕ್ಟರು. ಯಜಮಾನರು ಆಫೀಸಿನ ಕೆಲಸದ ಮೇಲೆ ಬಿಜಾಪುರದಲ್ಲಿ. ಶನಿವಾರ ಸಂಜೆ ನಾನು ಅತ್ತುಕೊಂಡು ಚೀಲ ತುಂಬುತ್ತಿದ್ದರೆ ಅತ್ತೆ ಅದನ್ನು ಕಿತ್ತುಕೊಂಡರು.

"ನಾ ಹೋಗತೀನಿ. ನೀರ ತರೂದಕ್ಕ ಡಿಗ್ರಿ ಬೇಕೇನು?"

ಅವರು ಒಬ್ಬರೇ ಬೆಳಗಾವಿಯ ಪಕ್ಕದ ಮಚ್ಛೆಯನ್ನೂ ದಾಟಿದವರಲ್ಲ. ಬಚ್ಚಲಮನೆಯ ಹಂಡೆಯಲ್ಲಿ ಬಲೆ ಎಳೆಯುವುದನ್ನು ಕಲಿಸಿದೆ. ವಹಿಯಲ್ಲಿ ಯಾವ ಕಾಲಂಗೆ ಏನು ಬರೆಯಬೇಕೆಂದು ತೋರಿಸಿದೆ. ನಾಲ್ಕನೇ ಇಯತ್ತೆ ಓದಿದವರು, "ತಿಳೀತ ತಗೋ" ಅಂದರು.

ಆ ರವಿವಾರ ಎಷ್ಟು ಉದ್ದವಿತ್ತೆಂದು ಹೇಳಲಾರೆ. ಮಧ್ಯಾಹ್ನದ ಗಾಡಿಗೆ ಬರಲಿಲ್ಲ. ಬಾಟಲಿ ಹೋದರೆ ಹೋಗಲಿ, ಅತ್ತೆ ಮನೆಗೆ ಬಂದರೆ ಸಾಕು ಅಂತ ಬೇಡಿಕೊಳ್ಳುತ್ತಿದ್ದೆ. ಸಂಜೆ ಐದಕ್ಕೆ ಬಂದರು. ಸೀರೆ ಮೊಣಕಾಲಿನವರೆಗೆ ಒದ್ದೆ, ಬಾಟಲಿ ಎದೆಗವಚಿಕೊಂಡಿದ್ದರು. ಅದರ ತುಂಬ ಜೀವಿಗಳು. ಕುಣಿಯುವಷ್ಟು ಸಂತೋಷವಾಯಿತು. ಆಮೇಲೆ ವಹಿ ತೆರೆದೆ.

ನೀರಿನ ಉಷ್ಣತೆ: "ಕಾಲಿಟ್ಟರ ಝುಂ ಅಂತು."
ನೀರಿನ ಬಣ್ಣ: "ನಿನ್ನಿ ಸಾರಿನ ಹಂಗ."
ಹವಾಮಾನ: "ರೈಲಿನ್ಯಾಗ ಜಾಗಾ ಸಿಗಲಿಲ್ಲ."
ಇತರ ಪ್ರಾಣಿಗಳು: "ಎಮ್ಮಿ ನಾಕು. ಒಂದು ಗಬ್ಬ ಐತಿ. ಕೊಕ್ಕರಿ ಎರಡು, ಗಂಡ ಹೆಂಡತಿ ಇರಬೇಕು, ಮಾರಿ ತಿರಿವಿಕೊಂಡ ನಿಂತಿದ್ದವು."
ಷರಾ: "ಕೆರಿ ಪಾವಟಿಗಿ ಭಾಳ ಜಾರತಾವ. ಸೊಸಿನ್ನ ಕಳಸಲಿಲ್ಲ, ಚಲೋ ಆತು."

ಹಾಳೆ ಹರಿದು, ನನ್ನ ಅಕ್ಷರದಲ್ಲಿ ಬೇರೆ ಬರೆದುಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪೆನ್ನು ಕೂಡ ತೆಗೆದಿದ್ದೆ. ಆ ಕೊನೆಯ ಸಾಲನ್ನು ಇನ್ನೊಮ್ಮೆ ಓದಿದೆ, ಕೈ ಬರಲಿಲ್ಲ.

ಸೋಮವಾರ ಮಾರ್ಗದರ್ಶಕರ ಎದುರು ನಿಂತೆ. ಅವರು ಹಾಳೆಯನ್ನು ಓದಿದರು. ತಿರುಗಿ ಓದಿದರು. ಚಷ್ಮಾ ತೆಗೆದರು.

"ಇದನ್ನ ಬರದವ್ರು ಯಾರು?"

"ನಮ್ಮ ಅತ್ತೀರಿ, ಸರ್. ನೀರೂ ಅವರ ತಂದದ್ದು."

"ನಿನ್ನ ಕೈಯಿಂದ ಅಂತ ಹೇಳಿದ್ದೆ."

"ಹೌದ್ರಿ." ಕಣ್ಣಲ್ಲಿ ನೀರು ತುಂಬಿ ಮೇಜು ಮಸುಕಾಯಿತು. ಎರಡು ವರ್ಷ ಮುಗಿದವು ಅಂದುಕೊಂಡೆ.

ಅವರು ಎದ್ದು ಬಾಟಲಿಯಿಂದ ಒಂದು ಹನಿ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟರು. ತಲೆ ಎತ್ತದೆಯೇ ಕೇಳಿದರು: "ಎಮ್ಮಿ ಗಬ್ಬ ಐತಿ ಅಂತ ದೂರದಿಂದನ ಹೆಂಗ ಗೊತ್ತಾತು ಅವರಿಗೆ?"

"ಅವರಿಗೆ ಗೊತ್ತಾಗತೈತ್ರಿ, ಸರ್."

"ಹ್ಞೂಂ. ಎರಡ ವರ್ಷದಾಗ ಇಷ್ಟ ಚಲೋ ತುಂಬಿದ ಬಾಟಲಿ ಇದೊಂದ." ವಹಿಯನ್ನು ನನ್ನ ಕಡೆ ಸರಿಸಿದರು. "ಯಾರ ತಂದರು ಅಂತ ಪ್ರಬಂಧದಾಗ ಖರೇ ಬರಿ. ಹೋಗು, ಬರಿಯಾಕ ಕೂಡು."

ಬಾತ ಕಾಲಲ್ಲಿ ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಅತ್ತೆ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ಅವರ ಮುಂದೆ ಕುಸಿದು ಕೂತು, ಅತ್ತು, ನಕ್ಕು ಹೇಳಿದೆ: "ಸರ್ ಒಪ್ಪಿದರ್ರಿ ಅತ್ತಿ! ಎಲ್ಲಾ ಮುಗೀತು! ನನಗ ಪಿಎಚ್.ಡಿ. ಸಿಗತೈತಿ!"

ಅತ್ತೆ ಮೊರದಿಂದ ಒಂದು ಹರಳು ಆರಿಸಿ ಹೊರಗೆಸೆದರು. "ಇಷ್ಟ ಕೆಲಸಕ್ಕ ನಿನಗ ಎರಡ ವರ್ಷ ಬೇಕಾತೇನ? ನಾ ಒಂದ ರವಿವಾರದಾಗ ಮುಗಿಸಿಕೊಂಡ ಬಂದೆ!"